ಬೇರೆ ಬೇರೆ, ಆದರೆ ಸಮಾನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹರೂಪ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಬಂದರೆ ಕಂಪ್ಯೂಟರಿನ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರುತ್ತೀರಿ. ಸಮಿತಿಯವರೂ ಫೋನಿನಲ್ಲಿ ಅದನ್ನೇ ಕೇಳಿದರು. ನಾನು ಇತಿಹಾಸದ ವಿಷಯ ತೆಗೆದುಕೊಳ್ಳುತ್ತೇನೆ ಎಂದೆ. ಐವತ್ತು ವರ್ಷ ತುಂಬಿದ ಸರ್ಕಾರಿ ಹೈಸ್ಕೂಲಿನ ಅಂಗಳದಲ್ಲಿ ನಿಂತು ಇನ್ನೊಂದು ಸರ್ಕಾರಿ ಹೈಸ್ಕೂಲಿನ ಕಥೆ ಹೇಳಬೇಕು ಅನ್ನಿಸಿತು. ಆ ಶಾಲೆ ಇದ್ದದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಗೆ ಹೋಗುವ ಮೊದಲು ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಅಬ್ರಹಾಂ ಲಿಂಕನ್ ಗುಲಾಮಗಿರಿಯನ್ನು ಕೊನೆಗಾಣಿಸಿದರು ಎಂದು ಬರೆದು ನಾವೆಲ್ಲ ಅಂಕ ತೆಗೆದುಕೊಂಡಿದ್ದೇವೆ. ತಪ್ಪೇನಿಲ್ಲ. 1863ರ ಜನವರಿ 1ರಂದು ಅವರು ವಿಮೋಚನೆಯ ಘೋಷಣೆ ಹೊರಡಿಸಿದರು. ಅಂತರ್ಯುದ್ಧ ಮುಗಿದು, 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ಇಡೀ ದೇಶದಲ್ಲಿ ನಿಷಿದ್ಧವಾಯಿತು. ಆದರೆ ಆ ತಿದ್ದುಪಡಿಯ ಒಳಗೇ ಒಂದು ಕಿಂಡಿ ಇತ್ತು: ಅಪರಾಧಕ್ಕೆ ಶಿಕ್ಷೆಯಾಗಿ ಮಾತ್ರ ಬಲವಂತದ ದುಡಿಮೆ ಮಾಡಿಸಬಹುದು. ದಕ್ಷಿಣದ ರಾಜ್ಯಗಳು ಆ ಕಿಂಡಿಯನ್ನು ಕೂಡಲೇ ಹುಡುಕಿಕೊಂಡವು. ಅದೇ ವರ್ಷ ಮಿಸಿಸಿಪಿ ಒಂದು ಕಾನೂನು ಮಾಡಿತು. ಬಿಡುಗಡೆಯಾದ ಪ್ರತಿಯೊಬ್ಬ ಕಪ್ಪು ಮನುಷ್ಯನೂ ಪ್ರತಿ ಜನವರಿಯಲ್ಲಿ ತನಗೆ ಕೆಲಸ ಇದೆ ಎಂಬುದಕ್ಕೆ ಬರಹದ ಪುರಾವೆ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಅವನು 'ಅಲೆಮಾರಿ', ಅಂದರೆ ಅಪರಾಧಿ. ದಂಡ ಕಟ್ಟಬೇಕು. ಕಟ್ಟಲಾಗದಿದ್ದರೆ ದಂಡ ಕಟ್ಟಿದವನ ಹೊಲದಲ್ಲಿ ದುಡಿಯಬೇಕು. ಹೊಲದ ಯಜಮಾನ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಕೆರೊಲಿನಾದಲ್ಲಿ ಕಪ್ಪು ಜನ ಬೇಸಾಯ ಮತ್ತು ಮನೆಚಾಕರಿ ಬಿಟ್ಟು ಬೇರೆ ಕಸುಬು ಮಾಡಬೇಕಾದರೆ ಲೈಸೆನ್ಸ್ ಪಡೆದು ವರ್ಷ ವರ್ಷ ಹಣ ಕಟ್ಟಬೇಕಿತ್ತು. ಈ ಕಾನೂನುಗಳಿಗೆ ಇತಿಹಾಸಕಾರರು 'ಬ್ಲ್ಯಾಕ್ ಕೋಡ್' ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ದಿನವೆಲ್ಲ ಬಾಯಲ್ಲಿರುವ 'ಕೋಡ್' ಎಂಬ ಪದ ಇಲ್ಲೂ ಇದೆ ನೋಡಿ.

ಉತ್ತರದವರು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣಕ್ಕೆ ಸೈನ್ಯ ಹೋಯಿತು. 1868ರ 14ನೇ ತಿದ್ದುಪಡಿ ಎಲ್ಲರಿಗೂ ಪೌರತ್ವ, ಕಾನೂನಿನ ಸಮಾನ ರಕ್ಷಣೆ ಕೊಟ್ಟಿತು. 1870ರ 15ನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ಮತದಾನ ತಡೆಯಬಾರದು ಎಂದಿತು. ಅದೇ ವರ್ಷ ಹೈರಮ್ ರೆವೆಲ್ಸ್ ಎಂಬ ಕಪ್ಪು ಪಾದ್ರಿ ಮಿಸಿಸಿಪಿಯಿಂದಲೇ ಆರಿಸಿಬಂದು ಅಮೆರಿಕದ ಸೆನೆಟ್ಟಿನಲ್ಲಿ ಕೂತರು. ಐದು ವರ್ಷಗಳ ಹಿಂದೆ ಅಲೆಮಾರಿ ಕಾನೂನು ಮಾಡಿದ ರಾಜ್ಯವೇ ಅದು! ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. 1877ರಲ್ಲಿ, ಅಧ್ಯಕ್ಷರ ಚುನಾವಣೆಯ ಜಗಳವನ್ನು ಬಗೆಹರಿಸಿಕೊಳ್ಳುವ ಒಪ್ಪಂದದ ಹಿಂದೆಯೇ ಸೈನ್ಯ ವಾಪಸಾಯಿತು. ಆಮೇಲೆ ಕಪ್ಪು ಜನರನ್ನು ಕೇಳುವವರು ಉಳಿಯಲಿಲ್ಲ.

ಈಗ ನನ್ನ ಕಸುಬಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಕಪ್ಪು ಜನ ಮತ ಹಾಕಬಾರದು. ಆದರೆ ಹಾಗೆಂದು ಕಾನೂನಿನಲ್ಲಿ ಬರೆಯುವ ಹಾಗಿಲ್ಲ, 15ನೇ ತಿದ್ದುಪಡಿ ಅಡ್ಡ ಬರುತ್ತದೆ. ಏನು ಮಾಡುವುದು? 'ಕಪ್ಪು' ಎಂಬ ಪದವನ್ನೇ ಬಳಸದೆ ಬರೆಯುವುದು. 1890ರಲ್ಲಿ ಮಿಸಿಸಿಪಿಯ ಹೊಸ ಸಂವಿಧಾನ ಮತದಾರನಿಗೆ ಎರಡು ಡಾಲರ್ ತೆರಿಗೆ ಹಾಕಿತು. ಜೊತೆಗೆ, ಸಂವಿಧಾನದ ಒಂದು ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದಾಗ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ. ಬಿಳಿಯ ರೈತನಿಗೆ ಅವನು ಯಾವ ಸಾಲು ಕೊಡುತ್ತಾನೆ, ಕಪ್ಪು ಮೇಷ್ಟರಿಗೆ ಯಾವ ಸಾಲು ಕೊಡುತ್ತಾನೆ, ನೀವೇ ಊಹಿಸಿ.

ಇದರಲ್ಲಿ ಒಂದು ತೊಡಕು ಬಂತು. ಓದು ಬಾರದ, ಕಾಸಿಲ್ಲದ ಬಿಳಿಯರೂ ಬಲೆಗೆ ಬೀಳುತ್ತಾರಲ್ಲ? ಅದಕ್ಕೆ 1898ರಲ್ಲಿ ಲೂಸಿಯಾನಾ ಒಂದು ಷರತ್ತು ಸೇರಿಸಿತು: 1867ರ ಜನವರಿ 1ರಂದು ನಿನಗೆ, ನಿನ್ನ ಅಪ್ಪನಿಗೆ ಅಥವಾ ಅಜ್ಜನಿಗೆ ಮತದ ಹಕ್ಕಿದ್ದಿದ್ದರೆ ನಿನಗೆ ಈ ಪರೀಕ್ಷೆ ಬೇಡ. ಆ ದಿನಾಂಕವನ್ನು ಯಾರೂ ಕಣ್ಣುಮುಚ್ಚಿ ಆರಿಸಿರಲಿಲ್ಲ. ಅಂದು ಲೂಸಿಯಾನಾದ ಕಪ್ಪು ಜನರಿಗೆ ಮತವೇ ಇರಲಿಲ್ಲ. ಇದಕ್ಕೆ 'ಅಜ್ಜನ ಷರತ್ತು' ಎಂದು ಹೆಸರು ಬಿತ್ತು. ಫಲಿತಾಂಶ ನೋಡಿ. 1896ರಲ್ಲಿ ಲೂಸಿಯಾನಾದಲ್ಲಿ ನೋಂದಾಯಿತ ಕಪ್ಪು ಮತದಾರರು 1,30,334. 1904ರ ಹೊತ್ತಿಗೆ 1,342. ನೂರಕ್ಕೆ ಒಬ್ಬರಂತೆ ಉಳಿದರು. ಕಾನೂನಿನಲ್ಲಿ ಬಣ್ಣದ ಹೆಸರೇ ಇಲ್ಲ! ಪ್ರೋಗ್ರಾಂ ಬರೆಯುವವನಾಗಿ ಹೇಳುತ್ತೇನೆ, ಇಷ್ಟು ಚೊಕ್ಕವಾಗಿ ಕೆಲಸ ಮಾಡಿದ ಷರತ್ತನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಬರೆದವರು ಓದಿದವರು, ವಕೀಲರು, ಬುದ್ಧಿವಂತರು. ಅಜ್ಜನ ಷರತ್ತನ್ನು ಸುಪ್ರೀಂ ಕೋರ್ಟ್ 1915ರಲ್ಲಿ ರದ್ದು ಮಾಡಿತು. ತೆರಿಗೆ, ಓದಿನ ಪರೀಕ್ಷೆ ಇನ್ನೂ ಐವತ್ತು ವರ್ಷ ಉಳಿದವು.

ಇನ್ನು ರೈಲಿನ ವಿಷಯ. 1890ರಲ್ಲಿ ಇದೇ ಲೂಸಿಯಾನಾ, ರೈಲುಗಳಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ 'ಸಮಾನ, ಆದರೆ ಬೇರೆ' ಬೋಗಿಗಳಿರಬೇಕು ಎಂದು ಕಾನೂನು ಮಾಡಿತು. ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಮತ್ತು ಮಿಶ್ರ ವಂಶದ ನಾಗರಿಕರು ಒಂದು ಸಮಿತಿ ಕಟ್ಟಿಕೊಂಡು, ಇದನ್ನು ಕೋರ್ಟಿನಲ್ಲಿ ಪರೀಕ್ಷಿಸಲು ನಿರ್ಧರಿಸಿದರು. ಹೋಮರ್ ಪ್ಲೆಸ್ಸಿ ಎಂಬ ಚಮ್ಮಾರ ಮುಂದೆ ಬಂದರು. ಅವರ ವಂಶದಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ಆಫ್ರಿಕದ್ದು; ನೋಡಲು ಬಿಳಿಯರಂತೆಯೇ ಇದ್ದರು. 1892ರ ಜೂನ್ 7ರಂದು ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಬೋಗಿಯಲ್ಲಿ ಕೂತರು. ತಾನು ಯಾರೆಂದು ಹೇಳಿದ ಮೇಲೆ ಎಬ್ಬಿಸಿ ಬಂಧಿಸಿದರು. ತಮಾಷೆ ಎಂದರೆ, ರೈಲ್ವೆ ಕಂಪನಿಗೂ ಈ ಕಾನೂನು ಬೇಕಿರಲಿಲ್ಲ, ಹೆಚ್ಚುವರಿ ಬೋಗಿಯ ಖರ್ಚು ಯಾರಿಗೆ ಬೇಕು?

1896ರ ಮೇ 18ರಂದು ಸುಪ್ರೀಂ ಕೋರ್ಟ್ ಏಳಕ್ಕೆ ಒಂದರಂತೆ ಪ್ಲೆಸ್ಸಿ ವಿರುದ್ಧ ತೀರ್ಪು ಕೊಟ್ಟಿತು. ಬೇರೆ ಕೂರಿಸಿದ ಮಾತ್ರಕ್ಕೆ ಕೀಳು ಎಂದಾಗುವುದಿಲ್ಲ, ಹಾಗೆ ಅನ್ನಿಸಿದರೆ ಅದು ಕಪ್ಪು ಜನ ತಾವೇ ಮಾಡಿಕೊಂಡ ಅರ್ಥ ಎಂಬುದು ತೀರ್ಪಿನ ಧಾಟಿ. ಒಬ್ಬರೇ ಒಬ್ಬ ನ್ಯಾಯಾಧೀಶ ಜಾನ್ ಮಾರ್ಷಲ್ ಹಾರ್ಲನ್ ಒಪ್ಪಲಿಲ್ಲ. ಅವರ ಮನೆತನ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದದ್ದೇ. ಈ ತೀರ್ಪು ಒಂದು ದಿನ ಬಹಳ ಕೆಟ್ಟದ್ದೆಂದು ಕಾಣುತ್ತದೆ ಎಂದು ಅವರು ಅಂದೇ ಬರೆದಿಟ್ಟರು. ಪ್ಲೆಸ್ಸಿ 25 ಡಾಲರ್ ದಂಡ ಕಟ್ಟಿ ಮನೆಗೆ ಹೋದರು. ಅವರಿಗೆ ಲೂಸಿಯಾನಾದ ಗವರ್ನರ್ ಕ್ಷಮಾದಾನ ಕೊಟ್ಟದ್ದು 2022ರಲ್ಲಿ.

ಆ ರೈಲು ಕಾನೂನಿನಲ್ಲಿ ನನ್ನ ಮನಸ್ಸಿಗೆ ನಾಟಿರುವುದು ಒಂದು ಸಣ್ಣ ವಿನಾಯಿತಿ. ಬೇರೆ ಬಣ್ಣದ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ಕಪ್ಪು ಹೆಂಗಸು ಬಿಳಿಯರ ಮಗುವನ್ನು ಎತ್ತಿಕೊಂಡಿದ್ದರೆ ಬಿಳಿಯರ ಬೋಗಿಯಲ್ಲಿ ಕೂರಬಹುದು. ಅದೇ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಬಂದರೆ ಕೂರುವ ಹಾಗಿಲ್ಲ. ಅಕ್ಕಪಕ್ಕ ಕೂರುವುದೇ ಮೈಲಿಗೆ ಎನ್ನುವುದಾದರೆ ಇದು ಹೇಗೆ ಸರಿಹೋಯಿತು? ಚಾಕರಿಗೆ ಬಂದರೆ ಅಡ್ಡಿಯಿಲ್ಲ, ಸರಿಸಮ ಕೂರಲು ಬಂದರೆ ಅಡ್ಡಿ. ಇಡೀ ವ್ಯವಸ್ಥೆಯ ಒಳಗುಟ್ಟು ಆ ಒಂದು ಸಾಲಿನಲ್ಲಿದೆ.

ಈ ಕಾನೂನುಗಳಿಗೆಲ್ಲ ಒಟ್ಟಾಗಿ 'ಜಿಮ್ ಕ್ರೋ' ಎಂದು ಹೆಸರು. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸಿ ಕುಣಿಯುತ್ತಿದ್ದ ಥಾಮಸ್ ರೈಸ್ ಎಂಬ ಬಿಳಿಯ ನಟನ ಒಂದು ಪಾತ್ರದ ಹೆಸರು ಅದು. ತೀರ್ಪು ಬಂದ ಮೇಲೆ ತಡೆಯುವವರಿಲ್ಲ. ಶಾಲೆ, ಆಸ್ಪತ್ರೆ, ಉದ್ಯಾನ, ಕುಡಿಯುವ ನೀರಿನ ನಲ್ಲಿ, ಸ್ಮಶಾನ, ಎಲ್ಲ ಬೇರೆ. ಉತ್ತರ ಕೆರೊಲಿನಾದಲ್ಲಿ ಪಠ್ಯಪುಸ್ತಕಗಳೂ ಬೇರೆ: ಒಂದು ಬಣ್ಣದ ಮಕ್ಕಳು ಓದಿದ ಪುಸ್ತಕವನ್ನು ಇನ್ನೊಂದು ಬಣ್ಣದ ಮಕ್ಕಳಿಗೆ ಕೊಡುವಂತಿಲ್ಲ. ಬರ್ಮಿಂಗ್‌ಹ್ಯಾಂ ನಗರದಲ್ಲಿ ಬಿಳಿಯನೂ ಕಪ್ಪು ಮನುಷ್ಯನೂ ಕೂಡಿ ಡೊಮಿನೊ ಆಡುವುದೂ ಅಪರಾಧ. ಮೀರಿದವರಿಗೆ ಕೋರ್ಟಿನ ದಂಡ ಒಂದು ಕಡೆ. ಇನ್ನೊಂದು ಕಡೆ ಗುಂಪು ಕಟ್ಟಿಕೊಂಡು ಬಂದು ಮರಕ್ಕೆ ನೇತುಹಾಕುವವರು. ಅದನ್ನು ಈ ಮಕ್ಕಳ ಮುಂದೆ ನಾನು ವಿವರಿಸುವುದಿಲ್ಲ. ಆದರೆ ಆ ಭಯವೊಂದು ಇಲ್ಲದಿದ್ದರೆ ಬರೀ ಕಾನೂನಿನ ಹಾಳೆಯಿಂದ ಇಷ್ಟು ಕಾಲ ಇದು ನಿಲ್ಲುತ್ತಿರಲಿಲ್ಲ.

'ಬೇರೆ' ಎಂಬುದು ಎಲ್ಲ ಕಡೆ ಜಾರಿಯಾಯಿತು. 'ಸಮಾನ' ಎಂಬುದು ಎಲ್ಲಿಯೂ ಆಗಲಿಲ್ಲ. ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲದ ಹಳ್ಳಿಗಳು ಎಷ್ಟೋ ಇದ್ದವು. ಅಲ್ಲಿನ ಜನ ಏನು ಮಾಡಿದರು ಎಂಬುದನ್ನು ಈ ಸಭೆಯಲ್ಲಿ ಹೇಳಲೇಬೇಕು. ಗುಲಾಮರಾಗಿ ಹುಟ್ಟಿ ವಿದ್ಯಾಸಂಸ್ಥೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್ ಮತ್ತು ವ್ಯಾಪಾರಿ ಜೂಲಿಯಸ್ ರೋಸನ್‌ವಾಲ್ಡ್ ಸೇರಿ ಒಂದು ಯೋಜನೆ ಮಾಡಿದರು. ಒಂದು ಪಾಲು ಹಣ ರೋಸನ್‌ವಾಲ್ಡರದು, ಉಳಿದದ್ದನ್ನು ಊರವರೂ ಸ್ಥಳೀಯ ಆಡಳಿತವೂ ಹೊಂದಿಸಬೇಕು. ಕಪ್ಪು ರೈತರು ಜಾಗ ಬಿಟ್ಟುಕೊಟ್ಟರು, ಮರ ಕಡಿದು ತಂದರು, ಕೂಲಿಯಿಲ್ಲದೆ ದುಡಿದರು. 1932ರ ವರೆಗೆ ದಕ್ಷಿಣದಲ್ಲಿ ಸುಮಾರು 5,000 ಶಾಲೆಗಳು ಹೀಗೆ ಎದ್ದವು. ಅದೇ ಜನ ಸರ್ಕಾರಕ್ಕೆ ತೆರಿಗೆಯನ್ನೂ ಕಟ್ಟುತ್ತಿದ್ದರು. ಆ ತೆರಿಗೆಯ ಹೆಚ್ಚು ಪಾಲು ಬಿಳಿಯ ಮಕ್ಕಳ ಶಾಲೆಗೆ ಹೋಗುತ್ತಿತ್ತು.

ನಮ್ಮ ಕಡೆಯ ಒಬ್ಬರನ್ನು ಇಲ್ಲಿ ನೆನೆಯಬೇಕು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಟಿಕೆಟ್ ನೋಡುವವನು ಬಂದು ಬಿಳಿಯರ ಬೋಗಿಯಿಂದ ಏಳು ಎಂದ. ಅವರು ಏಳಲಿಲ್ಲ. ಸೀರೆಯುಟ್ಟ ಈ ಹೆಂಗಸು ಇಲ್ಲಿಯವರಲ್ಲ ಎಂದು ಅನುಮಾನ ಬಂದು, ಎಲ್ಲಿಯವರು ಎಂದು ಕೇಳಿದ. ನಾನು ಭಾರತದವಳು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ವಿದೇಶಿ ಅತಿಥಿ ಎಂದು ಬಿಟ್ಟುಬಿಡುತ್ತಿದ್ದ. ಅವರು ಆ ಸುಲಭದ ದಾರಿ ಹಿಡಿಯಲಿಲ್ಲ. ತಾನು ಬಿಳಿಯಳಲ್ಲ, ಅದು ಕಾಣುತ್ತಲೇ ಇದೆ, ಇಲ್ಲಿಂದ ಏಳುವುದೂ ಇಲ್ಲ ಎಂದರು. ಕೊನೆಗೆ ಅವನೇ ಹೋದ. ಬಸ್ಸಿನಲ್ಲಿ ಸೀಟು ಬಿಡದ ರೋಸಾ ಪಾರ್ಕ್ಸ್ ಹೆಸರು ನಿಮಗೆ ಗೊತ್ತಿರಬಹುದು. ಅದು ಇದಾದ ಹದಿನಾಲ್ಕು ವರ್ಷಕ್ಕೆ, 1955ರಲ್ಲಿ. ಅವರಿಗಿಂತ ಒಂಬತ್ತು ತಿಂಗಳು ಮೊದಲು ಅದೇ ಊರಿನಲ್ಲಿ ಸೀಟು ಬಿಡದೆ ಜೈಲಿಗೆ ಹೋದವಳು ಕ್ಲಾಡೆಟ್ ಕೋಲ್ವಿನ್, ಹದಿನೈದು ವರ್ಷದ ಶಾಲಾ ಹುಡುಗಿ.

ಈಗ ಫಾರ್ಮ್‌ವಿಲ್ಲಿಗೆ ಬರೋಣ. ಪ್ರಿನ್ಸ್ ಎಡ್ವರ್ಡ್ ಕೌಂಟಿ, ಕೌಂಟಿ ಎಂದರೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ, ಅಲ್ಲಿ ಕಪ್ಪು ಮಕ್ಕಳಿಗಿದ್ದ ಒಂದೇ ಹೈಸ್ಕೂಲು ರಾಬರ್ಟ್ ಮೋಟನ್ ಹೈಸ್ಕೂಲು. 1939ರಲ್ಲಿ 180 ಮಕ್ಕಳಿಗೆಂದು ಕಟ್ಟಿದ್ದು. 1950ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು. ಹೊಸ ಕಟ್ಟಡ ಕೊಡಿ ಎಂದು ಪೋಷಕರು ಕೇಳಿ ಕೇಳಿ ಸಾಕಾದರು. ಆಡಳಿತದವರು ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊಡೆದ ಶೆಡ್ಡುಗಳನ್ನು ನಿಲ್ಲಿಸಿಕೊಟ್ಟರು. ಮಳೆ ಬಂದರೆ ಸೋರುತ್ತಿತ್ತು. ಚಳಿಗಾಲದಲ್ಲಿ ಒಲೆಯ ಹತ್ತಿರದವರಿಗೆ ಬೆವರು, ಮೂಲೆಯವರು ಕೋಟು ಹಾಕಿಕೊಂಡೇ ಪಾಠ ಕೇಳಬೇಕು. ವ್ಯಾಯಾಮದ ಕೋಣೆಯಿಲ್ಲ, ಊಟದ ಕೋಣೆಯಿಲ್ಲ. ಬಿಳಿಯ ಮಕ್ಕಳ ಹೈಸ್ಕೂಲಿನಲ್ಲಿ ಇವೆಲ್ಲ ಇದ್ದವು.

ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಹುಡುಗಿ ತನ್ನ ಸಂಗೀತದ ಟೀಚರ ಹತ್ತಿರ ಈ ಬಗ್ಗೆ ದೂರಿದಳು. ನೀವೇ ಏನಾದರೂ ಯಾಕೆ ಮಾಡಬಾರದು ಎಂದರು ಟೀಚರು. ಟೀಚರುಗಳು ಎಷ್ಟೋ ಮಾತು ಹಾಗೇ ಆಡಿರುತ್ತಾರೆ; ಈ ಹುಡುಗಿ ಅದನ್ನು ತಲೆಗೆ ತೆಗೆದುಕೊಂಡಳು. ಕೆಲವೇ ಗೆಳೆಯರನ್ನು ಸೇರಿಸಿಕೊಂಡು ತಿಂಗಳುಗಟ್ಟಲೆ ಗುಟ್ಟಾಗಿ ಯೋಚಿಸಿದಳು. ಅಪ್ಪ ಅಮ್ಮನಿಗೂ ಹೇಳಲಿಲ್ಲ. 1951ರ ಏಪ್ರಿಲ್ 23ರಂದು ಮುಖ್ಯೋಪಾಧ್ಯಾಯರಾದ ಬಾಯ್ಡ್ ಜೋನ್ಸರಿಗೆ ಒಂದು ಫೋನು ಬಂತು, ನಿಮ್ಮ ಶಾಲೆಯ ಹುಡುಗರು ಪೇಟೆಯಲ್ಲಿ ಗಲಾಟೆಗೆ ಸಿಕ್ಕಿಕೊಂಡಿದ್ದಾರೆ ಎಂದು. ಅವರು ಅತ್ತ ಹೋದರು. ಇತ್ತ ಎಲ್ಲ ತರಗತಿಗಳಿಗೂ ಚೀಟಿ ಹೋಯಿತು, ಸಭಾಂಗಣಕ್ಕೆ ಬನ್ನಿ ಎಂದು. ಪರದೆ ಸರಿದಾಗ ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯರ ಬದಲು ಬಾರ್ಬರಾ. ಶಿಕ್ಷಕರನ್ನು ದಯವಿಟ್ಟು ಹೊರಗೆ ಹೋಗಿ ಎಂದಳು. ಅವರ ಕೆಲಸಕ್ಕೆ ಕುತ್ತು ಬರಬಾರದೆಂದು. ಸ್ವಲ್ಪ ಹೊತ್ತಿನಲ್ಲಿ ಇಡೀ ಶಾಲೆ ಎದ್ದು ಹೊರಗೆ ಬಂತು. ಮುಷ್ಕರ ಎರಡು ವಾರ ನಡೆಯಿತು.

(ತಮ್ಮಂದಿರು ನಗುತ್ತಿದ್ದೀರಿ. ಮುಖ್ಯೋಪಾಧ್ಯಾಯರು ಇಲ್ಲೇ ಕೂತಿದ್ದಾರೆ. ಫೋನಿನ ಉಪಾಯವನ್ನು ಇಂದು ಮನೆಗೆ ತೆಗೆದುಕೊಂಡು ಹೋಗಬೇಡಿ.)

ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ ಮಾತ್ರ. ಎನ್‌ಎಎಸಿಪಿ ಎಂಬ ಸಂಘದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಬಂದರು. ಕಟ್ಟಡಕ್ಕಾಗಿ ನಾವು ಕೇಸು ಹಾಕುವುದಿಲ್ಲ, 'ಬೇರೆ' ಎಂಬುದನ್ನೇ ಪ್ರಶ್ನಿಸುವುದಾದರೆ ಮಾತ್ರ ಬರುತ್ತೇವೆ ಎಂದರು. ದೊಡ್ಡವರು ಅಂಜಿದರು. ಸಭೆ ನಡೆದು ಒಪ್ಪಿದರು. 117 ವಿದ್ಯಾರ್ಥಿಗಳ ಹೆಸರಿನಲ್ಲಿ ಕೇಸು ದಾಖಲಾಯಿತು. ಕನ್ಸಾಸ್, ದಕ್ಷಿಣ ಕೆರೊಲಿನಾ, ಡೆಲವೇರ್, ರಾಜಧಾನಿ ವಾಷಿಂಗ್ಟನ್ ಇಲ್ಲಿಂದ ಬಂದ ಕೇಸುಗಳ ಜೊತೆ ಇದೂ ಸುಪ್ರೀಂ ಕೋರ್ಟ್ ತಲುಪಿತು. ಈ ಐದರಲ್ಲಿ ವಿದ್ಯಾರ್ಥಿಗಳೇ ಹೊತ್ತಿಸಿದ್ದು ಫಾರ್ಮ್‌ವಿಲ್ಲಿನದು. ಕೇಸು ನಡೆಯುತ್ತಿದ್ದಾಗಲೇ, 1953ರಲ್ಲಿ, ಆಡಳಿತದವರು ಅವಸರದಲ್ಲಿ ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಿಸಿಕೊಟ್ಟರು! ಇಷ್ಟು ವರ್ಷ ಇರದ ಹಣ ಎಲ್ಲಿಂದಲೋ ಬಂತು.

1954ರ ಮೇ 17ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು: ಶಿಕ್ಷಣದಲ್ಲಿ 'ಬೇರೆ' ಎಂದರೇ ಅಸಮಾನ. ಪ್ಲೆಸ್ಸಿ ತೀರ್ಪಿನ ಐವತ್ತೆಂಟು ವರ್ಷಕ್ಕೆ ಹಾರ್ಲನ್‌ರ ಒಂಟಿ ದನಿ ಗೆದ್ದಿತು. ಬ್ರೌನ್ ತೀರ್ಪು ಎಂದು ಇದು ಪ್ರಸಿದ್ಧ.

ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುವವರು ಬಹಳ. ಫಾರ್ಮ್‌ವಿಲ್ಲಿನಲ್ಲಿ ಮುಗಿಯಲಿಲ್ಲ. ಬಾಯ್ಡ್ ಜೋನ್ಸರ ಕೆಲಸ ಹೋಯಿತು. ಬಾರ್ಬರಾಳ ಜೀವಕ್ಕೆ ಅಪಾಯವೆಂದು ಅವಳನ್ನು ಅಲಬಾಮಾದ ಮಾಂಟ್ಗೊಮರಿಯಲ್ಲಿದ್ದ ದೊಡ್ಡಪ್ಪ ವರ್ನನ್ ಜಾನ್ಸರ ಮನೆಗೆ ಕಳಿಸಿದರು. ಅವರು ಅಲ್ಲಿನ ಒಂದು ಚರ್ಚಿನ ಪಾದ್ರಿ. ಅವರ ಬಳಿಕ ಅದೇ ಚರ್ಚಿಗೆ ಪಾದ್ರಿಯಾಗಿ ಬಂದ ಇಪ್ಪತ್ತೈದರ ತರುಣ ಮಾರ್ಟಿನ್ ಲೂಥರ್ ಕಿಂಗ್. ಮತ್ತೆ 1959ರಲ್ಲಿ, ಎರಡೂ ಬಣ್ಣದ ಮಕ್ಕಳನ್ನು ಒಟ್ಟಿಗೆ ಕೂರಿಸಲೇಬೇಕು ಎಂದು ಕೋರ್ಟು ಪಟ್ಟು ಹಿಡಿದಾಗ, ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು ಗೊತ್ತೇ? ತನ್ನ ಎಲ್ಲ ಸರ್ಕಾರಿ ಶಾಲೆಗಳಿಗೆ ಬೀಗ ಹಾಕಿತು. ಶಾಲೆಗೆ ಹಣವನ್ನೇ ಮಂಜೂರು ಮಾಡಲಿಲ್ಲ. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು, ಅದರ ಶುಲ್ಕಕ್ಕೆ ಸರ್ಕಾರದ ನೆರವೂ ದೊರೆಯಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಕಪ್ಪು ಮಕ್ಕಳು ಬೀದಿಗೆ ಬಿದ್ದರು. ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು. ಕೆಲವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊರ ಹೆಂಗಸರು ಅಕ್ಷರ ಕಲಿಸಿದರು. ಹಲವರು ಹೊಗೆಸೊಪ್ಪಿನ ಹೊಲಕ್ಕೆ ಹೋದರು. 1964ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಕೊಟ್ಟ ಮೇಲೆ ಬೀಗ ತೆಗೆದರು. ಐದು ವರ್ಷ! ಆರನೇ ವಯಸ್ಸಿಗೆ ಶಾಲೆಗೆ ಸೇರಬೇಕಿದ್ದ ಮಗುವಿಗೆ ಹನ್ನೊಂದಾಗಿತ್ತು.

ಆ ವರ್ಷ ಜುಲೈ 2ರ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲು, ಚಿತ್ರಮಂದಿರ, ಉದ್ಯೋಗಗಳಲ್ಲಿ ಬಣ್ಣದ ಭೇದ ನಿಷೇಧಿಸಿತು. 1965ರ ಆಗಸ್ಟ್ 6ರ ಮತದಾನ ಹಕ್ಕಿನ ಕಾಯಿದೆ ಓದಿನ ಪರೀಕ್ಷೆಗಳಿಗೆ ತೆರೆ ಎಳೆಯಿತು. ಅದೇ ಗಾಳಿಯಲ್ಲಿ ಬಂದ ಇನ್ನೊಂದು ಕಾಯಿದೆ 1965ರ ಅಕ್ಟೋಬರಿನ ವಲಸೆ ಕಾಯಿದೆ. ಅದಕ್ಕೂ ಮೊದಲು ಭಾರತಕ್ಕೆ ಅಮೆರಿಕ ಮೀಸಲಿಟ್ಟ ಸಂಖ್ಯೆ ವರ್ಷಕ್ಕೆ ನೂರು. ಇಂದು ನಮ್ಮ ಜಿಲ್ಲೆಯ ಹುಡುಗರು ಅಲ್ಲಿ ಮನೆ ಮಾಡಿದ್ದಾರೆ, ಕನ್ನಡ ಕೂಟ ಕಟ್ಟಿದ್ದಾರೆ. ಆ ಬಾಗಿಲನ್ನು ತಳ್ಳಿದವರಲ್ಲಿ ಬಸ್ಸು ಬಿಟ್ಟು ನಡೆದವರೂ, ಶಾಲೆಯಿಂದ ಹೊರಬಂದ ಆ ಮಕ್ಕಳೂ ಇದ್ದಾರೆ. ನಮ್ಮವರೇ ಕೆಲವರು ಅಲ್ಲಿ ಹೋಗಿ ಕಪ್ಪು ಜನರ ಬಗ್ಗೆ ಹಗುರವಾಗಿ ಮಾತಾಡುವುದನ್ನು ಕೇಳಿದ್ದೇನೆ. ಅವರಿಗೆ ಈ ಲೆಕ್ಕ ಗೊತ್ತಿಲ್ಲ.

ಇದು ನಮ್ಮ ಅಸ್ಪೃಶ್ಯತೆಯ ಹಾಗೇ ಅಲ್ಲವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಡಾ. ಅಂಬೇಡ್ಕರರು 1946ರಲ್ಲಿ ಕಪ್ಪು ಜನರ ದೊಡ್ಡ ಚಿಂತಕ ಡು ಬೋಯ್ಸರಿಗೆ ಪತ್ರ ಬರೆದು, ಎರಡು ಸ್ಥಿತಿಗಳಿಗೂ ಬಹಳ ಹೋಲಿಕೆಯಿದೆ ಎಂದಿದ್ದರು. ಅಲ್ಲಿ ಶಾಸನಸಭೆಯಲ್ಲಿ ಬರೆದು ಸಹಿ ಹಾಕಿ ಮಾಡಿದ್ದನ್ನು ಇಲ್ಲಿ ಬಹುಪಾಲು ಬರೆಯದೆಯೇ ಮಾಡುತ್ತಿದ್ದರು. ಬರೆದದ್ದನ್ನು ಕೋರ್ಟಿನಲ್ಲಿ ಅಳಿಸಬಹುದು. ಬರೆಯದ್ದನ್ನು ಎಲ್ಲಿಂದ ಅಳಿಸುವುದು? ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಎಂದು ಒಂದೊಂದನ್ನೂ ಹೆಸರಿಸಿದ್ದನ್ನು ಓದುವಾಗ ನನಗೆ ಅದು ನೆನಪಾಗುತ್ತದೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಆ ವಿಧಿಯನ್ನು ನಿಧಾನವಾಗಿ ಓದಿ ನೋಡಿ.

ಬಾರ್ಬರಾ ಜಾನ್ಸ್ ಮುಂದೆ ಮದುವೆಯಾಗಿ, ಫಿಲಡೆಲ್ಫಿಯಾದಲ್ಲಿ ಶಾಲೆಗಳ ಗ್ರಂಥಪಾಲಕಿಯಾಗಿ ಕೆಲಸ ಮಾಡಿ 1991ರಲ್ಲಿ ತೀರಿಕೊಂಡರು. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ಗುಲಾಮಗಿರಿಯ ಪಕ್ಷದ ಸೇನಾಪತಿ ರಾಬರ್ಟ್ ಲೀಯ ಪ್ರತಿಮೆ ನಿಂತಿತ್ತು. 2020ರಲ್ಲಿ ಅದನ್ನು ತೆಗೆದರು. ಅದರ ಬದಲಿಗೆ ವರ್ಜೀನಿಯಾ ಆರಿಸಿದ್ದು ಈ ಹುಡುಗಿಯನ್ನು. ಹಳೆಯ ಮೋಟನ್ ಹೈಸ್ಕೂಲಿನ ಕಟ್ಟಡ ಈಗ ವಸ್ತುಸಂಗ್ರಹಾಲಯ. ಬೀಗ ಹಾಕಿದ ಆ ಐದು ವರ್ಷಗಳಲ್ಲಿ ಓದು ಕಳೆದುಕೊಂಡವರಿಗಾಗಿ 2004ರಲ್ಲಿ ವರ್ಜೀನಿಯಾ ಸರ್ಕಾರ ವಿದ್ಯಾರ್ಥಿವೇತನ ಆರಂಭಿಸಿತು. ಅಷ್ಟು ಹೊತ್ತಿಗೆ ಅವರಲ್ಲಿ ಹಲವರು ಅಜ್ಜ ಅಜ್ಜಿಯರಾಗಿದ್ದರು. ಆದರೂ ಅರ್ಜಿ ಹಾಕಿದರು, ಚೀಲ ಹಿಡಿದು ತರಗತಿಗೆ ಹೋದರು, ಪರೀಕ್ಷೆ ಬರೆದರು.